ಹುಡುಗಿಗೆ ಬೇರೆ ತಟ್ಟೆ ಬ್ಯಾಡ, ಮನೆಮಂದಿಗೆಲ್ಲ ಉಪ್ಸಾರು ಮಾಡಿ

ಹೋದ ಸಲ ಹಪ್ಪಳದ ವಿಷಯ ಬರೆದಾಗ ಸುಮಾರು ಜನ ಫೋನ್ ಮಾಡಿ, ಉಪ್ಸಾರು ಖಾರದ ಅಳತೆ ಬರಿ ಅಂತ ಕೇಳಿದ್ರಿ. ಬರೀತೀನಿ. ಆದ್ರೆ ಅದಕ್ಕೆ ಮುಂಚೆ ನಾನು ಮಾಡಿದ ಒಂದು ತಪ್ಪು ಹೇಳ್ಕೋಬೇಕು. ಅದನ್ನ ಬಿಟ್ಟು ಬರೀ ಅಳತೆ ಕೊಟ್ರೆ ಮನಸ್ಸಿಗೆ ಸಮಾಧಾನ ಆಗಲ್ಲ.

ನಮ್ಮಣ್ಣನ ಮಗಳು ನಮ್ಮನೇಲೇ ಇದ್ದಾಳೆ, ನಿಮಗೆಲ್ಲ ಗೊತ್ತು. ಕನಕಪುರದ ಕಡೆ ನಮ್ಮೂರಿಂದ ದಿನಾ ಬೆಂಗಳೂರಿಗೆ ಹೋಗಿ ಬರೋದು ಆಗಲ್ಲ, ರಾಮನಗರದಿಂದಾದ್ರೆ ರೈಲಿದೆ ಅಂತ ನಾನೇ ಕರ್ಕೊಂಡು ಬಂದು ಮಡಗಿಕೊಂಡಿದ್ದೀನಿ. ಇಪ್ಪತ್ಮೂರು ವರ್ಷ. ಅವಳಿಗೆ ಮುಟ್ಟು ಎರಡು ತಿಂಗಳಾದ್ರೂ ಆಗ್ತಿರಲಿಲ್ಲ, ಒಂದ್ಸಲ ಮೂರು ತಿಂಗಳೂ ದಾಟ್ತು. ಗದ್ದದ ಹತ್ರ ನಾಲ್ಕು ಕೂದಲು, ಮುಖದ ತುಂಬ ಗುಳ್ಳೆ, ತೂಕಾನೂ ಏರ್ತಿತ್ತು. ಡಾಕ್ಟರಮ್ಮನ ತಾವ ಕರ್ಕೊಂಡು ಹೋದೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆಯ್ತು. ಪಿಸಿಒಡಿ ಅಂದ್ರು. ಮಾತ್ರೆ ಬರೆದುಕೊಟ್ರು. "ಅನ್ನ, ಬೇಕರಿ ತಿಂಡಿ ಕಮ್ಮಿ ಮಾಡು, ತರಕಾರಿ, ಸೊಪ್ಪು, ಕಾಳು ಜಾಸ್ತಿ ತಿನ್ನು, ದಿನಾ ನಡಿ" ಅಂದ್ರು. ಅಷ್ಟೇ ಅವರು ಹೇಳಿದ್ದು.

ಮಿಕ್ಕಿದ್ದೆಲ್ಲ ನಾನು ಸೇರಿಸಿದ್ದು. ಫೋನಿನಲ್ಲಿ ಬರೋ ವಿಡಿಯೋ ನೋಡಿ ನೋಡಿ ಅವಳಿಗೆ ಬೇರೆ ಅಡುಗೆ ಶುರು ಮಾಡ್ದೆ. ಬೆಳಗ್ಗೆ ಓಟ್ಸು. ರಾತ್ರಿಗೆ ಎಲೆಕೋಸು, ಕ್ಯಾರೆಟ್ಟು, ಬೀನ್ಸು ಉಪ್ಪಿಲ್ಲದಂಗೆ ಬೇಯಿಸಿ ಒಂದು ತಟ್ಟೆ. ನಾವೆಲ್ಲ ಬಿಸಿ ಹಿಟ್ಟು ಮುರ್ಕೊಂಡು ಸಾರಲ್ಲಿ ಅದ್ದಿ ಉಣ್ತಿದ್ರೆ, ಅವಳು ಪಕ್ಕದಲ್ಲಿ ಸಪ್ಪೆ ಕೋಸು ಅಗೀತಾ ಕೂತಿರೋಳು. ನಮ್ಮತ್ತೆಮ್ಮ ಬೇರೆ ಬಂದವರಿಗೆಲ್ಲ "ಪಾಪ, ಆ ಕೂಸಿಗೆ ಪಥ್ಯ ಕಣವ್ವ" ಅಂತ ಹೇಳೋರು. ಕೇಳಿದವರು ಸುಮ್ನಿರ್ತಾರಾ? ಒಬ್ಬರು "ಮದ್ವೆ ಆದ್ರೆ ಎಲ್ಲ ಸರೋಯ್ತದೆ ಬುಡು" ಅಂದ್ರು. ಇನ್ನೊಬ್ಬರು ಅಡುಗೆಮನೆ ಬಾಗಿಲಲ್ಲಿ ನಿಂತು "ಮಕ್ಕಳಾಗದು ಕಷ್ಟ ಅಂತೆ, ದಿಟವಾ?" ಅಂತ ಪಿಸುಗುಟ್ಟಿದ್ರು. ಅವಳಿಗೆ ಕೇಳಿಸ್ತು. ನಾನು ಅವರಿಗೆ ಏನೂ ಅನ್ನಲಿಲ್ಲ. ಅದು ನನ್ನ ಮೊದಲನೆ ತಪ್ಪು.

ಹಿಂಗೆ ಐದಾರು ವಾರ ಆಗಿತ್ತು. ಒಂದು ದಿನ ರಾತ್ರಿ ಹನ್ನೊಂದು ಗಂಟೆಲಿ ನೀರು ಕುಡಿಯೋಕೆ ಅಂತ ಎದ್ದೆ. ಅಡುಗೆಮನೇಲಿ ಲೈಟು ಹಾಕಿರಲಿಲ್ಲ. ಕತ್ತಲಲ್ಲೇ ನಿಂತ್ಕೊಂಡು ಪಾತ್ರೆಗೇ ಕೈ ಹಾಕಿ ತಣ್ಣಗಿದ್ದ ಅನ್ನ ಸಾರು ತಿಂತಿದ್ಲು. ನನ್ನ ಕಂಡು ಕೈ ಹಿಂದಕ್ಕೆ ಎಳ್ಕೊಂಡ್ಲು, ಕದ್ದು ಸಿಕ್ಕಿಬಿದ್ದ ಹಂಗೆ. "ಆ ಸಪ್ಪೆ ಕೋಸು ಇನ್ನು ನನ್ನ ಕೈಲಿ ಆಗಲ್ಲ ಅತ್ತೆ. ನನ್ನ ಒಬ್ಬಳನ್ನೇ ಕಾಯಿಲೆಯವಳ ತರ ಕೂರಿಸಿಬಿಟ್ರಿ" ಅಂದ್ಲು.

ನಮ್ಮನೇಲಿ ಒಂದು ಹೆಣ್ಣುಮಗು ಅನ್ನ ಕದ್ದು ತಿನ್ನೋ ಹಂಗೆ ಮಾಡಿದ್ದು ನಾನು. ಅವತ್ತು ನಿದ್ದೆ ಬರಲಿಲ್ಲ.

ಅದಕ್ಕೇ ಇವತ್ತು ಹೇಳ್ತಿದ್ದೀನಿ. ಹಾರ್ಮೋನು ತೊಂದರೆ ಇರೋ ಹುಡುಗಿಗೆ ಬೇರೆ ತಟ್ಟೆ, ಸಪ್ಪೆ ತಟ್ಟೆ ಇಡಬೇಡಿ. ಅವಳಿಗೆ ಒಳ್ಳೇದಾಗೋ ಊಟ ಮನೆಯವರಿಗೆಲ್ಲ ಒಳ್ಳೇದೇ. ಅದನ್ನೇ ಎಲ್ಲರಿಗೂ ಬಡಿಸಿ, ರುಚಿಯಾಗಿ ಬಡಿಸಿ. ಆ ಊಟಕ್ಕೆ ಓಟ್ಸೂ ಬೇಡ, ವಿಡಿಯೋನೂ ಬೇಡ. ನಮ್ಮ ಉಪ್ಸಾರು ಇದೆ.

ಮೊದಲು ಈ ಪಿಸಿಒಡಿ ಅಂದ್ರೇನು ಅಂತ ನನಗೆ ಅರ್ಥ ಆದಷ್ಟು ಹೇಳ್ತೀನಿ. ಪಿಸಿಒಎಸ್ ಅಂತಲೂ ಅಂತಾರೆ. ನಮ್ಮೋರು "ಗರ್ಭಕೋಶದಲ್ಲಿ ನೀರುಗುಳ್ಳೆ" ಅಂತ ಹೆದರ್ಕೋತಾರೆ. ಅದು ಗರ್ಭಕೋಶದಲ್ಲಿ ಅಲ್ಲ, ಅಂಡಾಶಯದಲ್ಲಿ. ತಿಂಗಳಿಗೊಂದು ಮೊಟ್ಟೆ ಬೆಳೆದು ಹೊರಗೆ ಬರಬೇಕಾದ್ದು ಅರ್ಧಕ್ಕೇ ನಿಂತುಬಿಡುತ್ತೆ. ಅಂಥ ಸಣ್ಣ ಸಣ್ಣವು ಸ್ಕ್ಯಾನಿಂಗಲ್ಲಿ ಗುಳ್ಳೆ ತರ ಕಾಣ್ತವೆ. ಎಲ್ಲ ಹೆಂಗಸರ ಮೈಯಲ್ಲೂ ವಸಿ ಇರೋ ಗಂಡು ಹಾರ್ಮೋನು ಇವರಲ್ಲಿ ಜಾಸ್ತಿ ಇರುತ್ತೆ, ಅದಕ್ಕೇ ಕೂದಲು, ಮೊಡವೆ. ಸುಮಾರು ಜನಕ್ಕೆ ಇದರ ಜೊತೆಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ. ಸಕ್ಕರೆ ಸಂಭಾಳಿಸೋಕೆ ಮೈ ಜಾಸ್ತಿ ಜಾಸ್ತಿ ಇನ್ಸುಲಿನ್ ಬಿಡುತ್ತೆ, ಆ ಇನ್ಸುಲಿನ್ ಹೋಗಿ ಅಂಡಾಶಯಕ್ಕೆ ಇನ್ನಷ್ಟು ಗಂಡು ಹಾರ್ಮೋನು ಮಾಡು ಅನ್ನುತ್ತೆ. ಒಂದಕ್ಕೊಂದು ಗಂಟು. ಮುಂದೆ ಸಕ್ಕರೆ ಕಾಯಿಲೆ ಬರೋ ಅಪಾಯಾನೂ ಇವರಿಗೆ ಜಾಸ್ತಿ. ದಪ್ಪ ಇರೋರಿಗೇ ಬರುತ್ತೆ ಅಂತೇನಿಲ್ಲ, ಸಣ್ಣಗಿರೋರಿಗೂ ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಹೆರೋ ವಯಸ್ಸಿನ ನೂರು ಹೆಂಗಸರಲ್ಲಿ ಹತ್ತು ಜನದ ಆಸುಪಾಸಿಗೆ ಇದು ಇದೆ, ಬಹಳ ಜನಕ್ಕೆ ಇರೋದೇ ಗೊತ್ತಿಲ್ಲ. ಅಂದ್ರೆ ನಮ್ಮ ಬೀದಿಲೇ ಎಷ್ಟು ಮನೇಲಿರಬಹುದು, ನೀವೇ ಎಣಿಸಿ. ಮಕ್ಕಳಾಗೋದು ಕೆಲವರಿಗೆ ತಡ ಆಗಬಹುದು, ಆದ್ರೆ ಆಗೋದೇ ಇಲ್ಲ ಅನ್ನೋದು ಸುಳ್ಳು. ಮದುವೆ ಮಾಡಿದ್ರೆ ಸರಿಹೋಗುತ್ತೆ ಅನ್ನೋದೂ ಸುಳ್ಳು.

ಊಟದಿಂದ ಏನಾಗುತ್ತೆ ಅಂದ್ರೆ, ಆ ಗಂಟು ವಸಿ ಸಡಿಲ ಆಗುತ್ತೆ. ಬರೀ ಅನ್ನ ತಿಂದ್ರೆ ಸಕ್ಕರೆ ದಡಕ್ಕನೆ ಏರುತ್ತೆ. ಅದರ ಜೊತೆ ಸೊಪ್ಪಿನ ನಾರು, ಕಾಳಿನ ಪ್ರೋಟೀನು ಹೊಟ್ಟೆಗೆ ಬಿದ್ರೆ ನಿಧಾನಕ್ಕೆ ಏರುತ್ತೆ, ಹೊಟ್ಟೇನೂ ಬೇಗ ಹಸಿಯಲ್ಲ. 2023ರಲ್ಲಿ ಬೇರೆ ಬೇರೆ ದೇಶದ ಡಾಕ್ಟರುಗಳು ಸೇರ್ಕೊಂಡು ಪಿಸಿಒಎಸ್‌ಗೆ ಅಂತ ಒಂದು ಮಾರ್ಗಸೂಚಿ ತಂದ್ರು. ಯಾವುದೋ ಒಂದು ಡಯಟ್ಟೇ ಇನ್ನೊಂದಕ್ಕಿಂತ ಮೇಲು ಅನ್ನೋಕೆ ಆಧಾರ ಇಲ್ಲ, ಒಟ್ಟಾರೆ ಒಳ್ಳೆ ಊಟ, ಅವರವರಿಗೆ ಒಗ್ಗೋ ಊಟ, ಬಿಡದೆ ನಡೆಸ್ಕೊಂಡು ಹೋಗೋ ಅಂಥ ಊಟ ಇರಲಿ ಅನ್ನೋದು ಅದರ ಸಾರಾಂಶ. ತೂಕ ಹಿಡ್ಕೊಂಡು ಹುಡುಗೀರನ್ನ ಹಂಗಿಸೋದರಿಂದ ಕೆಡುಕಾಗುತ್ತೆ ಅಂತಲೂ ಅದರಲ್ಲಿದೆ. ನಾವು ನಾಲ್ಕು ಜನ ಸೇರಿದ ಕಡೆ ಮಾಡೋದು ಅದನ್ನೇ ತಾನೆ?

ಬಿಡದೆ ನಡೆಸೋ ಊಟ ಅಂದ್ರೆ ಸಪ್ಪೆ ಕೋಸು ಆಗಲ್ಲ. ಒಂದು ವಾರ ತಿಂತಾರೆ, ಎರಡನೇ ವಾರ ಬೇಕರಿ ಹತ್ರ ಕಾಲು ಹೋಗುತ್ತೆ. ನಮ್ಮ ಉಪ್ಸಾರನ್ನ ತಲೆತಲಾಂತರದಿಂದ ಉಣ್ತಿದ್ದೀವಿ, ಬೇಜಾರಾಗಿದೆಯಾ? ಯಾಕೆ ಆಗಿಲ್ಲ ಅಂದ್ರೆ ಆ ಖಾರದಿಂದ. ಸೊಪ್ಪು ಕಾಳು ಸುಮ್ನೆ ಉಪ್ಪು ನೀರಲ್ಲಿ ಬೆಂದಿರುತ್ತೆ, ಎಣ್ಣೆ ಇಲ್ಲ, ಮಸಾಲೆ ಇಲ್ಲ. ರುಚಿ ಎಲ್ಲ ತಟ್ಟೆ ಅಂಚಿಗೆ ಇಟ್ಕೊಳ್ಳೋ ಆ ಅಡಿಕೆ ಗಾತ್ರದ ಖಾರದಲ್ಲಿ. ಅದರ ಆಸೆಗೆ ಒಂದು ಬಟ್ಟಲು ಸೊಪ್ಪು ಹೋಗೋ ಕಡೆ ಎರಡು ಬಟ್ಟಲು ಹೋಗುತ್ತೆ. ಇನ್ನೊಂದು ವಿಷಯ, ತರಕಾರಿ ಬೇಯಿಸಿದ ನೀರು ಚೆಲ್ಲಿದ್ರೆ ಅದರಲ್ಲಿರೋ ಸತ್ವ ವಸಿ ಹಂಗೇ ಹೋಗುತ್ತೆ ಅಂತ ಈಗ ಎಲ್ಲರೂ ಹೇಳ್ತಾರೆ. ನಮ್ಮಜ್ಜೀರು ಚೆಲ್ಲಲೇ ಇಲ್ಲ, ಬಸಿದ ಕಟ್ಟನ್ನೇ ಸಾರು ಅಂದ್ರು.

ಈಗ ಅಳತೆ. ಐದು ಜನಕ್ಕೆ ಹೇಳ್ತೀನಿ.

ಹುರುಳಿಕಾಳು ಒಂದು ಲೋಟ, ರಾತ್ರಿನೇ ನೆನೆ ಹಾಕಿ. ಮೊಳಕೆ ಬಂದಿದ್ರೆ ಇನ್ನೂ ಒಳ್ಳೇದು. ನೆನೆದ ನೀರು ಚೆಲ್ಲಿ, ಗ್ಯಾಸು ಕಮ್ಮಿ ಆಗುತ್ತೆ. ಆರು ಲೋಟ ನೀರು ಹಾಕಿ ಕುಕ್ಕರಲ್ಲಿ ಐದಾರು ವಿಷಲ್ ಕೂಗಿಸಿ. ಹುರುಳಿ ಬೇಡ ಅಂದ್ರೆ ತೊಗರಿಬೇಳೆ, ಅಲಸಂದೆ, ಹೆಸರುಕಾಳು ಯಾವುದಾದ್ರೂ ನಡೆಯುತ್ತೆ. ಆಮೇಲೆ ಮುಚ್ಚಳ ತೆಗೆದು ದಂಟಿನ ಸೊಪ್ಪೋ ಕೀರೆ ಸೊಪ್ಪೋ ಎರಡು ದೊಡ್ಡ ಕಟ್ಟು ತೊಳೆದು ಹೆಚ್ಚಿ ಹಾಕಿ. ಜೊತೆಗೆ ಕಾಲು ಕೇಜಿ ಬೀನ್ಸು ಇಲ್ಲಾ ಎರಡು ಬದನೆಕಾಯಿ. ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ. ಸೊಪ್ಪು ಬಣ್ಣ ಕಳ್ಕೊಂಡು ಕರ್ರಗಾಗೋವರೆಗೂ ಬಿಡಬೇಡಿ. ಬಸಿದ್ರೆ ಮೇಲಿನ ಕಟ್ಟು ಉಪ್ಸಾರು, ಕೆಳಗಿನದು ಪಲ್ಯ. ಪಲ್ಯಕ್ಕೆ ಬೇಕಾದ್ರೆ ಒಂದು ಚಮಚ ಎಣ್ಣೆಲಿ ಸಾಸಿವೆ, ಬೆಳ್ಳುಳ್ಳಿ, ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ವಸಿ ತೆಂಗಿನಕಾಯಿ ತುರಿ ಉದುರಿಸಿ.

ಖಾರ ಎರಡು ತರ. ಹಸಿರು ಖಾರಕ್ಕೆ ಹಸಿಮೆಣಸಿನಕಾಯಿ ಎಂಟು ಹತ್ತು ತವದ ಮೇಲೆ ಚುಕ್ಕೆ ಬೀಳೋ ಹಂಗೆ ಸುಡಿ. ಬೆಳ್ಳುಳ್ಳಿ ಎಂಟು ಎಸಳು, ಜೀರಿಗೆ ಒಂದು ಚಮಚ, ಕಾಳುಮೆಣಸು ಅರ್ಧ ಚಮಚ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಉಪ್ಪು. ಕೆಂಪು ಖಾರಕ್ಕೆ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಬಿಟ್ಟು ಬ್ಯಾಡಗಿ ಎಂಟು, ಗುಂಟೂರು ನಾಲ್ಕು ಹುರ್ಕೊಳ್ಳಿ, ಮಿಕ್ಕಿದ್ದು ಅದೇ. ನಮ್ಮವ್ವ ಕೆಂಪು ಖಾರಕ್ಕೆ ಹುರಿದ ಹುಚ್ಚೆಳ್ಳು ಎರಡು ಚಮಚ ಹಾಕೋಳು, ಆ ಘಮ ಬೇರೆಯೇ. ಒಳಕಲ್ಲಲ್ಲಿ ಅರೆದ್ರೆ ಸರಿ. ಮಿಕ್ಸಿಲಾದ್ರೆ ಬಿಟ್ಟು ಬಿಟ್ಟು ತಿರುಗಿಸಿ, ನೀರು ಹಾಕಬೇಡಿ, ತರಿತರಿಯಾಗಿರಲಿ. ನೀರು ಮುಟ್ಟಿಸದಿದ್ರೆ ಫ್ರಿಜ್ಜಲ್ಲಿ ಮೂರ್ನಾಲ್ಕು ದಿನ ಇರುತ್ತೆ. ಭಾನುವಾರ ಅರೆದು ಮಡಗಿಬಿಟ್ರೆ ಕೆಲಸಕ್ಕೆ ಹೋಗೋರಿಗೂ ಸಲೀಸು.

ಬಡಿಸೋ ರೀತಿ ಮುಖ್ಯ. ಮೊದಲು ನಾವು ದೊಡ್ಡ ಹಿಟ್ಟು ಇಟ್ಟು, ಪಕ್ಕದಲ್ಲಿ ನೆಂಚಿಕೊಳ್ಳೋಕೆ ಒಂದು ಚಮಚ ಪಲ್ಯ ಹಾಕ್ತಿದ್ವಿ. ಈಗ ಅದನ್ನ ತಿರುಗಾಮುರುಗಾ ಮಾಡಿದ್ದೀನಿ. ತಟ್ಟೆಲಿ ಅರ್ಧ ಸೊಪ್ಪು ಕಾಳಿನ ಪಲ್ಯ. ಕಿತ್ತಳೆಹಣ್ಣಿನ ಗಾತ್ರದ ಒಂದು ಹಿಟ್ಟು. ಬಟ್ಟಲಲ್ಲಿ ಬಿಸಿ ಕಟ್ಟು, ಅದಕ್ಕೆ ಖಾರ ಕಲಸಿ, ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡೋದು. ನಿಂಬೆ ಹುಳಿ ಇದ್ರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತೆ. ಉಂಡ ತಕ್ಷಣ ಟೀ ಕುಡಿದ್ರೆ ಅದೇ ಕಬ್ಬಿಣ ಹತ್ತಲ್ಲ, ಒಂದು ಗಂಟೆ ತಡೀರಿ. ರಾಗಿ ಒಳ್ಳೇದು, 100 ಗ್ರಾಂ ರಾಗೀಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಆದ್ರೆ ರಾಗಿ ಅಂತ ಎರಡೆರಡು ಹಿಟ್ಟು ನುಂಗಿದ್ರೆ ಸಕ್ಕರೆ ಏರಲ್ಲ ಅಂದ್ಕೋಬೇಡಿ, ಅದೂ ಹಿಟ್ಟೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೇಳಿರೋ ಪ್ರಕಾರ ಒಬ್ಬರಿಗೆ ದಿನಕ್ಕೆ ಸೊಪ್ಪು ತರಕಾರಿ 400 ಗ್ರಾಂ ಬೇಕು. ನಮ್ಮನೇಲಿ ಮೊದಲು ಅಷ್ಟರಲ್ಲಿ ನಾಲ್ಕು ಜನದ ಊಟ ಮುಗೀತಿತ್ತು.

ಸೊಪ್ಪಿಗೆ ನಾವು ಪರದಾಡಬೇಕಾಗಿಲ್ಲ. ಜಿಲ್ಲೆ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಆದ್ರೂ ನಮ್ಮ ಹೊಲ, ತೋಟ, ಸಂತೆ ಅವೇ. ಮಳೆ ಬಿದ್ದ ಮೇಲೆ ರಾಗಿ ಹೊಲದ ಬದುವಲ್ಲಿ ಅಣ್ಣೆ, ಗಣಿಕೆ, ಹೊನಗೊನ್ನೆ ಎಲ್ಲ ಸೇರಿದ ಬೆರಕೆ ಸೊಪ್ಪು. ಚಳಿಗಾಲಕ್ಕೆ ಮಾಗಡಿ ಅವರೆಕಾಯಿ, ನಮ್ಮಕ್ಕ ಅಲ್ಲಿಂದ ಒಂದು ಚೀಲ ಕಳಿಸಿದ್ರೆ ಆ ವಾರ ಪೂರ್ತಿ ಅವರೆಕಾಳು ಉಪ್ಸಾರೇ. ಬೇಸಗೆಗೆ ಮನೆ ಹಿಂದಿನ ನುಗ್ಗೆ ಮರ. ಒಂದೇ ಎಚ್ಚರ, ಬೆರಕೆ ಸೊಪ್ಪನ್ನ ಕಳೆನಾಶಕ ಹೊಡೆದ ತಾವ ಕೀಳಬೇಡಿ. ಹಿಪ್ಪುನೇರಳೆ ತೋಟವಾದ್ರೂ ಸರಿ, ತೋಟದೋರನ್ನ ಕೇಳಿಯೇ ಕೀಳಿ.

ಥೈರಾಯ್ಡ್ ಇರೋರು ನಮ್ಮಲ್ಲಿ ಸುಮಾರು ಜನ ಇದ್ದೀರಿ, ನಿಮಗೂ ಎರಡು ಮಾತು. ಎಲೆಕೋಸು, ಹೂಕೋಸು ಮುಟ್ಟಲೇಬಾರದು ಅಂತ ಯಾರೋ ಹೆದರಿಸಿರ್ತಾರೆ. ಬೇಯಿಸಿ, ಮಿತವಾಗಿ ತಿಂದ್ರೆ, ಮೈಗೆ ಅಯೋಡಿನ್ ಸಾಕಷ್ಟು ಸಿಗ್ತಿದ್ರೆ ತೊಂದರೆ ಇಲ್ಲ. ಉಪ್ಪು ಮಾತ್ರ ನೋಡ್ಕೊಳ್ಳಿ. ಖಾರ ಅರೆಯೋಕೆ ಹಳೇ ಕಲ್ಲುಪ್ಪೇ ರುಚಿ ಅಂತ ನಾನೂ ಚೀಲ ತರಿಸಿದ್ದೆ, ಅದರಲ್ಲಿ ಅಯೋಡಿನ್ ಇರಲಿಲ್ಲ. ಅಯೋಡಿನ್ ಇಲ್ಲದ ಉಪ್ಪನ್ನ ಊಟಕ್ಕೆ ಅಂತ ಮಾರಬಾರದು ಅಂತ 2006ರಿಂದ ದೇಶದಲ್ಲೇ ಕಾನೂನಿದೆ. ಕಲ್ಲುಪ್ಪೇ ಬೇಕಂದ್ರೆ ಪೊಟ್ಟಣದ ಮೇಲೆ ಅಯೋಡಿನ್ ಅಂತ ಬರೆದಿರೋದನ್ನ ನೋಡಿ ತಗೊಳ್ಳಿ. ಬೀಪಿ ಇರೋರು ಕಟ್ಟಿಗೂ ಖಾರಕ್ಕೂ ಎರಡಕ್ಕೂ ಉಪ್ಪು ಬೀಳುತ್ತೆ ಅನ್ನೋದು ನೆನಪಿಡಿ, ಒಂದು ಕಡೆ ಕಮ್ಮಿ ಮಾಡಿ. ಥೈರಾಯ್ಡ್ ಮಾತ್ರೆನ ಬೆಳಗ್ಗೆ ಬರಿಹೊಟ್ಟೆಲಿ ನೀರಿನ ಜೊತೆ ತಗೊಂಡು ಅರ್ಧದಿಂದ ಒಂದು ಗಂಟೆ ಕಾಫಿ ತಿಂಡಿ ಮುಟ್ಟಬೇಡಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಇದ್ರೆ ನಾಲ್ಕು ಗಂಟೆ ಅಂತರ ಇರಲಿ.

ಇಷ್ಟೆಲ್ಲ ಹೇಳಿದೆ ಅಂತ ಉಪ್ಸಾರು ಔಷಧಿ ಅಂದ್ಕೋಬೇಡಿ. ಮಾತ್ರೆ ಬಿಟ್ಟು ಸೊಪ್ಪು ತಿನ್ನಿ ಅಂತ ನಾನು ಯಾವತ್ತೂ ಹೇಳಲ್ಲ. ಮೂರು ತಿಂಗಳು ಮುಟ್ಟು ಬರದಿದ್ರೆ ಮನೇಲಿ ಕಷಾಯ ಕುಡಿಸ್ಕೊಂಡು ಕೂರಬೇಡಿ, ಡಾಕ್ಟರ ತಾವ ಹೋಗಿ. ಹಾಗೇ ಬಿಟ್ರೆ ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗುತ್ತೆ, ಅದು ಒಳ್ಳೇದಲ್ಲ. ಫೋನಲ್ಲಿ "ಹಾರ್ಮೋನು ಸರಿ ಮಾಡೋ ಪುಡಿ" ಅಂತ ಡಬ್ಬಕ್ಕೆ ಸಾವಿರಾರು ರೂಪಾಯಿ ಕೇಳ್ತಾರಲ್ಲ, ಆ ದುಡ್ಡಲ್ಲಿ ತಿಂಗಳುಗಟ್ಟಲೆ ಸೊಪ್ಪು ಕಾಳು ಬರುತ್ತೆ.

ನೀವು ಏನನ್ನಬಹುದು ಅಂತಲೂ ಗೊತ್ತು. "ಗಂಡಸರು ಉಣ್ಣಲ್ಲ ಕಣಕ್ಕ, ಅವರಿಗೆ ಅನ್ನನೇ ಬೇಕು." ನಮ್ಮನೇಲೂ ಮೊದಲೆರಡು ದಿನ ಗೊಣಗಾಟ ಇತ್ತು. ಮೂರನೇ ದಿನ ಖಾರಕ್ಕೆ ಹುಚ್ಚೆಳ್ಳು ಹಾಕ್ದೆ, ನಮ್ಮೆಜಮಾನರು ಎರಡನೇ ಸಲ ಪಲ್ಯ ಹಾಕಿಸ್ಕೊಂಡ್ರು. ಸಕ್ಕರೆ ಕಾಯಿಲೆಗೆ ಅವರಿಗೆ ಡಾಕ್ಟರು ಹೇಳಿದ್ದೂ ಇದೇ ಊಟ ತಾನೆ? ಗಂಡಸರಿಗೆ ಸಕ್ಕರೆ ಬಂದ್ರೆ ಮನೆಯೆಲ್ಲ ಅವರ ಊಟಕ್ಕೆ ಹೊಂದ್ಕೊಳ್ಳುತ್ತೆ, ಹೆಣ್ಣುಮಗಳಿಗೆ ಬಂದ್ರೆ ಅವಳೊಬ್ಬಳಿಗೇ ಪಥ್ಯ. ಇದು ನನಗೆ ಈ ಐವತ್ತು ವರ್ಷದಲ್ಲಿ ಹೊಳೆದಿರಲಿಲ್ಲ ನೋಡಿ. "ಖಾರ ಉಷ್ಣ, ಮುಟ್ಟಿಗೆ ಕೆಟ್ಟದು" ಅಂತ ನಮ್ಮತ್ತೆಮ್ಮ ಅಂದ್ರು. ಡಾಕ್ಟರಮ್ಮನ್ನ ಕೇಳ್ದೆ. ಹೊಟ್ಟೆ ಉರಿ, ಹುಳಿತೇಗು ಇರೋರು ಕಮ್ಮಿ ಮಾಡಿ, ಮುಟ್ಟಿಗೂ ಅದಕ್ಕೂ ಸಂಬಂಧ ಇಲ್ಲ ಅಂದ್ರು. ಚನ್ನಪಟ್ಟಣದಲ್ಲಿರೋ ನನ್ನ ತಂಗಿ "ಸೊಪ್ಪು ಸೋಸೋಕೆ ಹೊತ್ತೆಲ್ಲಿದೆ ಅಕ್ಕ" ಅಂತಾಳೆ. ಅದು ನಿಜವಾದ ಕಷ್ಟ, ಒಪ್ಕೋತೀನಿ. ನಮ್ಮನೇಲಿ ರಾತ್ರಿ ಟೀವಿ ನೋಡ್ತಾ ಕೂತಿರೋ ಎಲ್ಲರ ಮುಂದೂ ಒಂದೊಂದು ಕಟ್ಟು ಹಾಕ್ತೀನಿ, ನನ್ನ ಮಗನ ಮುಂದೂನೂ. ಬೇರು ಸಮೇತ ಕಿತ್ತು ಹಾಕ್ತಾನೆ, ಆದ್ರೂ ಸೋಸ್ತಾನೆ.

ಈಗ ಐದು ತಿಂಗಳಾಯ್ತು. ಅಣ್ಣನ ಮಗಳಿಗೆ ಮುಟ್ಟು ಈಗ ನಲವತ್ತು ದಿನದ ಆಸುಪಾಸಿಗೆ ಬರ್ತಿದೆ. ಮಾತ್ರೇನೂ ಇದೆ, ಸ್ಟೇಷನ್ನಿಗೆ ನಡ್ಕೊಂಡು ಹೋಗೋದೂ ಇದೆ, ಸೊಪ್ಪಿಂದಲೇ ಆಯ್ತು ಅಂತ ನಾನು ಹೇಳಲ್ಲ. ತೂಕ ಮೂರು ಕೇಜಿ ಇಳಿದಿದೆ, ಮುಖದ ಗುಳ್ಳೆ ಇನ್ನೂ ಇದೆ. ರಾತ್ರಿ ಅಡುಗೆಮನೇಲಿ ಪಾತ್ರೆ ಸದ್ದು ನಿಂತಿದೆ. ಮೊನ್ನೆ ಹಬ್ಬಕ್ಕೆ ಬಂದಿದ್ದ ಒಬ್ಬರು ಮತ್ತೆ ಅದೇ ಮಕ್ಕಳ ಮಾತು ಎತ್ತಿದ್ರು. ಈ ಸಲ ನಾನು ಸುಮ್ನಿರಲಿಲ್ಲ. "ಅದು ಅವಳೂ ಡಾಕ್ಟರಮ್ಮನೂ ನೋಡ್ಕೋತಾರೆ ಕಣಕ್ಕ, ನೀವು ಉಣ್ಣಿ" ಅಂತ ಅವರ ತಟ್ಟೆಗೂ ಎರಡು ಸೌಟು ಪಲ್ಯ ಹಾಕ್ದೆ.

ಖಾರಕ್ಕೆ ನಿಮ್ಮನೇಲಿ ಬೇರೇನಾದ್ರೂ ಹಾಕ್ತಿದ್ರೆ ತಿಳಿಸಿ. ಕನಕಪುರದೋರು ಒಂದು ತರ, ಮಾಗಡಿಯೋರು ಒಂದು ತರ ಅರೀತೀರಿ ಅಂತ ಗೊತ್ತು. ಇನ್ನು ನಿಮ್ಮನೇಲೂ ಯಾವುದಾದ್ರೂ ಹುಡುಗಿ ಒಬ್ಬಳೇ ಸಪ್ಪೆ ತಟ್ಟೆ ಹಿಡ್ಕೊಂಡು ಕೂತಿದ್ರೆ, ಇವತ್ತು ರಾತ್ರಿಯೇ ಆ ತಟ್ಟೆ ಎತ್ತಿಬಿಟ್ಟು ಎಲ್ಲರ ಜೊತೆ ಕೂರಿಸಿ.